ಅಸ್ತ್ರ ಒಲೆ ಮತ್ತು ಟಾಟಾ ಇನ್‌ಸ್ಟಿಟ್ಯೂಟ್

ಹಳೇ ಮೈಸೂರಿನ ಹಳ್ಳಿ ಕಡೆಯವರಿಗೆ 'ಅಸ್ತ್ರ ಒಲೆ' ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮೂರು ಪಾತ್ರೆ ಕೂರುವ, ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುವ ಸೌದೆ ಒಲೆ. 1980ರ ದಶಕದಲ್ಲಿ ಸರ್ಕಾರದ ಸಹಾಯಧನದಲ್ಲಿ ಎಷ್ಟೋ ಊರಿಗೆ ಬಂತು. ನಮ್ಮ ದೊಡ್ಡಮ್ಮನ ಮನೆಯಲ್ಲೂ ಒಂದಿತ್ತು. ಅಸ್ತ್ರ ಅಂತ ಯಾಕೆ ಹೆಸರು ಅಂತ ಕೇಳಿದರೆ "ಹೊಗೆ ಮೇಲೆ ಬಿಟ್ಟ ಬಾಣ ಕಣಪ್ಪ" ಅಂದಿದ್ದರು. ಅದಕ್ಕಿಂತ ಚೆಂದದ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ನಿಜವಾದ ವಿವರಣೆ ಸಪ್ಪೆ. ಅದು 'ಅಪ್ಲಿಕೇಶನ್ ಆಫ್ ಸೈನ್ಸ್ ಅಂಡ್ ಟೆಕ್ನಾಲಜಿ ಟು ರೂರಲ್ ಏರಿಯಾಸ್' ಅನ್ನೋದರ ಮೊದಲ ಅಕ್ಷರಗಳು. ಹಳ್ಳಿಗಾಡಿಗೆ ವಿಜ್ಞಾನ, ತಂತ್ರಜ್ಞಾನದ ಅನ್ವಯ ಅಂತ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಹಳೇ ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್) ಶುರುವಾದ ಒಂದು ಪ್ರಯತ್ನದ ಹೆಸರು ಅದು. ಇದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ. ಉನ್ನತ ಶಿಕ್ಷಣ ಬದಲಾಗಬೇಕು, ಎಲ್ಲರಿಗೂ ಪಾಲು ಸಿಗುವ, ನೆಲ ನೀರು ಉಳಿಯುವ ಆರ್ಥಿಕತೆಗೆ ಅದು ನೆರವಾಗಬೇಕು ಅಂತ ಈಗ ಎಲ್ಲ ಕಡೆ ಮಾತು ಕೇಳುತ್ತೇವೆ. ಐವತ್ತು ವರ್ಷದ ಹಿಂದೆ ನಮ್ಮಲ್ಲೇ ಅದನ್ನು ಮಾಡಲು ಹೊರಟವರಿಗೆ ಏನಾಯಿತು ಅಂತ ಕೇಳುವವರು ಮಾತ್ರ ಕಡಿಮೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಟಾಟಾ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1909ರಲ್ಲಿ. ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಜಮ್‌ಶೆಟ್‌ಜಿ ಟಾಟಾ ಹಣ ತೆಗೆದಿಟ್ಟಿದ್ದರು, ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟಿತು. ಟಾಟಾ ಅವರು ಅದನ್ನು ನೋಡಲು ಉಳಿಯಲಿಲ್ಲ, 1904ರಲ್ಲೇ ತೀರಿಕೊಂಡಿದ್ದರು. ದೇಶದ ಕೈಗಾರಿಕೆಗೆ ಬೇಕಾದ ವಿಜ್ಞಾನ ಇಲ್ಲೇ ಬೆಳೆಯಲಿ ಅನ್ನೋದು ಆಗಿನ ಆಸೆ. ಒಂದು ಉದಾಹರಣೆ ನಮಗೆಲ್ಲ ಮೂಗಿನಿಂದಲೇ ಗೊತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮೈಸೂರಿನ ಶ್ರೀಗಂಧದ ಕೊರಡು ಜರ್ಮನಿಗೆ ಹೋಗುವುದು ನಿಂತಿತು. ಎಣ್ಣೆ ತೆಗೆಯುವ ವಿದ್ಯೆ ಅವರಲ್ಲಿತ್ತು, ಮರ ನಮ್ಮಲ್ಲಿತ್ತು. ಆಗ ಇದೇ ಇನ್‌ಸ್ಟಿಟ್ಯೂಟಿನ ರಸಾಯನಶಾಸ್ತ್ರಜ್ಞರು ಗಂಧದೆಣ್ಣೆ ತೆಗೆಯುವ ವಿಧಾನ ಕಂಡುಕೊಂಡರು. 1916ರಲ್ಲಿ ಕಾರ್ಖಾನೆ ಬಂತು, ಅದರ ಬೆನ್ನಿಗೆ ಮೈಸೂರ್ ಸ್ಯಾಂಡಲ್ ಸೋಪು.

ಅಂದರೆ ಈ ಸಂಸ್ಥೆಗೆ ಹೊರಗಿನ ಪ್ರಶ್ನೆ ಹೊಸದಲ್ಲ. ಪ್ರಶ್ನೆ ಕೇಳುವವರು ಯಾರು ಅನ್ನೋದಷ್ಟೇ ವಿಷಯ. ಆಗ ಕೇಳಿದ್ದು ಸಂಸ್ಥಾನ. ಯುದ್ಧಗಳ ಕಾಲದಲ್ಲಿ ಸೇನೆ. ಸ್ವಾತಂತ್ರ್ಯದ ಮೇಲೆ ವಿಮಾನ, ಉಕ್ಕು, ಅಣೆಕಟ್ಟುಗಳ ದೊಡ್ಡ ದೊಡ್ಡ ಯೋಜನೆಗಳು. ಬಾಗಿಲಿಗೆ ಬಂದು ಪ್ರಶ್ನೆ ಕೇಳಲು ಅಧಿಕಾರವೋ ದುಡ್ಡೋ ಬೇಕಿತ್ತು. ಸೌದೆ ಹೊರೆ ಹೊತ್ತ ಹೆಂಗಸು ಆ ಗೇಟಿನೊಳಗೆ ಹೋಗಿ "ನನ್ನ ಒಲೆ ಇಷ್ಟು ಹೊಗೆ ಯಾಕೆ ಉಗುಳುತ್ತೆ" ಅಂತ ಪ್ರೊಫೆಸರರನ್ನು ಕೇಳುವ ಹಾಗಿರಲಿಲ್ಲ.

ಈ ಪ್ರಶ್ನೆಯನ್ನು ಒಳಗಿನಿಂದಲೇ ಎತ್ತಿದವರು ಅಮೂಲ್ಯ ಕುಮಾರ್ ಎನ್. ರೆಡ್ಡಿ. 1930ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್‌ಡಿ, ಆಮೇಲೆ ಅಮೆರಿಕಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ. ಅಲ್ಲಿನ ಬೋಕ್ರಿಸ್ ಜೊತೆ ಸೇರಿ ಬರೆದ 'ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ' 1970ರಲ್ಲಿ ಬಂತು. ಆ ವಿಷಯ ಓದಿದವರಿಗೆ ಈಗಲೂ ಅದು ಗೊತ್ತಿರುವ ಪುಸ್ತಕ. 1966ರಲ್ಲಿ ಇನ್‌ಸ್ಟಿಟ್ಯೂಟಿಗೆ ಬಂದರು. ಹಾಗೇ ಮುಂದುವರಿದಿದ್ದರೆ ಒಬ್ಬ ಯಶಸ್ವಿ ರಸಾಯನಶಾಸ್ತ್ರದ ಮೇಷ್ಟ್ರಾಗಿ ನಿವೃತ್ತರಾಗುತ್ತಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, 'ಹಳ್ಳಿ ಕೆಲಸ'ಕ್ಕೆ ಹೋಗುವವರು ಬೇರೇನೂ ಬಾರದವರು ಅನ್ನೋ ಒಂದು ಮಾತು ನಮ್ಮ ಕಾಲೇಜುಗಳಲ್ಲಿದೆ. ರೆಡ್ಡಿಯವರ ಬಗ್ಗೆ ಅದನ್ನು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಅವರ ವಾದ ಸರಳವಾಗಿತ್ತು. ತಂತ್ರಜ್ಞಾನ ಬರೀ ಯಂತ್ರವಲ್ಲ. ಬೀಜದೊಳಗೆ ಗಿಡದ ಗುಣ ಇರುವ ಹಾಗೆ, ತಾನು ಹುಟ್ಟಿದ ಸಮಾಜದ ಗುಣವನ್ನು ಅದು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಬಂಡವಾಳ ಹೆಚ್ಚಿದ್ದು ಕೆಲಸಗಾರರು ಕಡಿಮೆ ಇರುವ ದೇಶದ ಯಂತ್ರವನ್ನು ತಂದು, ಜನ ಹೆಚ್ಚಿದ್ದು ದುಡ್ಡು ಕಡಿಮೆ ಇರುವ ದೇಶದಲ್ಲಿ ನೆಟ್ಟರೆ, ಅದು ಇಲ್ಲೂ ಅದೇ ಸಮಾಜವನ್ನು ಬೆಳೆಸಲು ನೋಡುತ್ತದೆ. ಕೆಲವರಿಗೆ ಹಣ್ಣು, ಉಳಿದವರಿಗೆ ನೆರಳೂ ಇಲ್ಲ. ಹಾಗಾಗಿ ಬಡವರ ಅಗತ್ಯದಿಂದ ಶುರುವಾಗುವ, ಪರಿಸರಕ್ಕೆ ಹೊರೆಯಾಗದ ತಂತ್ರಜ್ಞಾನವನ್ನು ಒಳ್ಳೆಯ ವಿಜ್ಞಾನಿಗಳೇ ಕೂತು ಮಾಡಬೇಕು. ಅದು ದಾನ ಅಲ್ಲ, ಎರಡನೇ ದರ್ಜೆಯ ಸಂಶೋಧನೆಯೂ ಅಲ್ಲ.

ಆಗ ಸಂಸ್ಥೆಯ ನಿರ್ದೇಶಕರು ಸತೀಶ್ ಧವನ್. ಹೌದು, ಶ್ರೀಹರಿಕೋಟಾದ ಬಾಹ್ಯಾಕಾಶ ಕೇಂದ್ರಕ್ಕೆ ಹೆಸರಿರುವ ಅದೇ ಧವನ್. ರಾಕೆಟ್ಟಿನ ಮನುಷ್ಯ ಒಲೆಗೆ ಬೆಂಬಲ ಕೊಟ್ಟರು. ಅಸ್ತ್ರ ಮೊದಲು ಒಂದು ಸಣ್ಣ ಘಟಕ. ಬೇರೆ ಬೇರೆ ವಿಭಾಗದ ಅಧ್ಯಾಪಕರು ತಮ್ಮ ತಮ್ಮ ಕುರ್ಚಿ ಬಿಡದೆ ಇಲ್ಲಿ ಬಂದು ಸೇರುತ್ತಿದ್ದರು. ಸಿವಿಲ್ ವಿಭಾಗದ ಕೆ.ಎಸ್. ಜಗದೀಶ್ ಮಣ್ಣಿನ ಇಟ್ಟಿಗೆ ಹಿಡಿದುಕೊಂಡರು. ಮಣ್ಣಿಗೆ ಸ್ವಲ್ಪ ಸಿಮೆಂಟೋ ಸುಣ್ಣವೋ ಬೆರೆಸಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಒತ್ತಿ, ಭಟ್ಟಿಯಲ್ಲಿ ಸುಡದೇ ಮಾಡುವ ಇಟ್ಟಿಗೆ. ಸುಡದಿದ್ದರೆ ಸೌದೆ ಉಳಿಯಿತು ಅಂತ ಲೆಕ್ಕ. ಇಂದು ಬೆಂಗಳೂರಿನಲ್ಲಿ 'ಪರಿಸರಸ್ನೇಹಿ ಮನೆ' ಅಂತ ಶ್ರೀಮಂತರು ಕಟ್ಟಿಸಿಕೊಳ್ಳುವ ಮಣ್ಣಿಟ್ಟಿಗೆ ಮನೆಗಳ ಹಿಂದೆ ಆ ಕೆಲಸ ಇದೆ. ಬಡವರಿಗೆ ಅಂತ ಮಾಡಿದ್ದು ಶ್ರೀಮಂತರ ಶೋಕಿಯಾಗುವುದು ನಮ್ಮಲ್ಲಿ ಮೊದಲ ಸಲವೇನಲ್ಲ, ಇರಲಿ.

ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಅನ್ನೋ ಊರಿನಲ್ಲಿ ಅಸ್ತ್ರ ಒಂದು ಕೇಂದ್ರ ತೆರೆಯಿತು. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್. ಸುತ್ತಲಿನ ಆರು ಹಳ್ಳಿಗಳಲ್ಲಿ ಅವರು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಲೆಕ್ಕ ಬರೆದರು. ಯಾವ ಮನೆಯಲ್ಲಿ ಎಷ್ಟು ಸೌದೆ ಉರಿಯುತ್ತೆ, ಎಷ್ಟು ಸೀಮೆಎಣ್ಣೆ, ಎತ್ತು ಎಷ್ಟು ಹೊತ್ತು ದುಡಿಯುತ್ತೆ, ಗಂಡಸು ಎಷ್ಟು ಹೊತ್ತು, ಹೆಂಗಸು ಎಷ್ಟು ಹೊತ್ತು, ಮಕ್ಕಳು ಎಷ್ಟು ಹೊತ್ತು.

ಆ ಆರರಲ್ಲಿ ಪುರ ಒಂದು ಪುಟ್ಟ ಹಳ್ಳಿ. 1977ರಲ್ಲಿ 56 ಮನೆ, 357 ಜನ. ಆ ಊರು ಬಳಸುವ ಶಕ್ತಿಯಲ್ಲಿ ಶೇ. 89ರಷ್ಟು ಬರೀ ಸೌದೆ ಅಂತ ಲೆಕ್ಕ ಬಂತು. ಕರೆಂಟಿನ ಪಾಲು ಶೇ. 1ರ ಆಸುಪಾಸು. ಸರ್ಕಾರದ ಕಡತದಲ್ಲಿ ಅದು ವಿದ್ಯುತ್ ಬಂದ ಊರು, ತಂತಿ ಬಂದಿತ್ತು, ದೀಪ ಇದ್ದದ್ದು ಕೆಲವೇ ಮನೆಗಳಲ್ಲಿ. ಸೌದೆ ಆರಿಸಲು ಒಂದು ಮನೆಗೆ ದಿನಕ್ಕೆ ಎರಡೂವರೆ ಗಂಟೆಯಷ್ಟು ಹೊತ್ತು, ಐದು ಕಿಲೋಮೀಟರಿನ ಹತ್ತಿರ ನಡಿಗೆ. ಊರಿನ ದುಡಿಮೆಯ ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದ್ದು.

ನಮಗೆ ಇದರಲ್ಲಿ ಹೊಸದೇನಿದೆ ಅನ್ನಿಸಬಹುದು. ನಮ್ಮ ಅಮ್ಮ, ಅಜ್ಜಿಯರನ್ನು ಕೇಳಿದ್ದರೆ ಹೇಳುತ್ತಿದ್ದರು. ಆದರೆ ಆ ಕಾಲದಲ್ಲಿ 'ಶಕ್ತಿ' ಅಂದರೆ ಕಲ್ಲಿದ್ದಲು, ಪೆಟ್ರೋಲು, ಮೆಗಾವಾಟು. ತಲೆ ಮೇಲಿನ ಸೌದೆ ಹೊರೆ, ಸೊಂಟದ ಮೇಲಿನ ಬಿಂದಿಗೆ ಯಾವ ಲೆಕ್ಕದ ಪುಸ್ತಕಕ್ಕೂ ಬಂದಿರಲಿಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ಬಜೆಟ್ಟಿನಲ್ಲಿ ಕಾಸಿಲ್ಲ, ಪಠ್ಯದಲ್ಲಿ ಪುಟವಿಲ್ಲ. ನನ್ನ ಮಟ್ಟಿಗೆ ಅಸ್ತ್ರ ಮಾಡಿದ ದೊಡ್ಡ ಕೆಲಸ ಒಲೆಗಿಂತ ಈ ಲೆಕ್ಕ.

ಲೆಕ್ಕ ಆಯಿತು. ಪರಿಹಾರ? ವಿಜ್ಞಾನಿಗಳಿಗೆ ಹೊಳೆದದ್ದು ಗೋಬರ್ ಗ್ಯಾಸ್. ಊರಿನ ದನಗಳ ಸಗಣಿಯೆಲ್ಲ ಒಂದೇ ಕಡೆ ಸೇರಿಸಿ, ಎಲ್ಲ ಮನೆಗೂ ಅಡುಗೆಗೆ ಅನಿಲ ಕೊಡುವುದು. ಹೊಗೆ ಹೋಗುತ್ತೆ, ಸೌದೆ ಉಳಿಯುತ್ತೆ, ಬಗ್ಗಡ ಗೊಬ್ಬರಕ್ಕೆ ವಾಪಸ್. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಘಟಕ ಕಟ್ಟಿದರು. ನಡೆಯಲಿಲ್ಲ. ಊರಿನವರ ಅಡುಗೆಗೆಲ್ಲ ಸಾಕಾಗುವಷ್ಟು ಸಗಣಿ ಸಿಗಲಿಲ್ಲ. ಗ್ಯಾಸು ಅರ್ಧಂಬರ್ಧ ಬಂದರೆ ಸೌದೆಗೆ ಹೇಗೂ ಹೋಗಲೇಬೇಕು. ಸೌದೆಗೆ ಕಾಸು ಕೊಡಬೇಕಾಗಿಲ್ಲ, ಮೈ ಮುರಿದರೆ ಸಾಕು. ಹೀಗಿರುವಾಗ ಮಂಕರಿ ಹೊತ್ತು ಸಗಣಿ ತಂದು ಸುರಿಯುವ ಕಷ್ಟ ಯಾಕೆ? ಹೆಂಗಸರು ಸಗಣಿ ತರುವುದನ್ನು ನಿಲ್ಲಿಸಿಬಿಟ್ಟರು.

ಇಲ್ಲಿಗೆ ಬೇರೆ ಯಾವುದೇ ಇಲಾಖೆಯ ಯೋಜನೆಯಾಗಿದ್ದರೆ 'ಜನರಲ್ಲಿ ಅರಿವಿನ ಕೊರತೆ' ಅಂತ ಒಂದು ಸಾಲು ಬರೆದು ಕಡತ ಮುಚ್ಚುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಅಡುಗೆ ಅನಿಲ ಅಲ್ಲ, ಕುಡಿಯುವ ನೀರು ಅಂತ ಅರ್ಥ ಮಾಡಿಕೊಂಡರು. 1987ರಲ್ಲಿ ಅದೇ ಘಟಕದ ಅನಿಲವನ್ನು ಒಂದು ಎಂಜಿನ್ನಿಗೆ ಕೊಟ್ಟು, ಜೊತೆಗೆ ಸ್ವಲ್ಪ ಡೀಸೆಲ್, ಕರೆಂಟು ಮಾಡಿದರು. ಆ ಕರೆಂಟಿನಲ್ಲಿ ಬೋರ್‌ವೆಲ್ಲಿನಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಸಂಜೆ ಮನೆಗಳಿಗೆ ಟ್ಯೂಬ್ ಲೈಟ್ ಉರಿಯಿತು. ಸಗಣಿ ತಂದವರಿಗೆ ತೂಕ ಹಾಕಿ ಕಿಲೋಗೆ ಎರಡು ಪೈಸೆಯಂತೆ ಕೊಟ್ಟರು. ಗೊಬ್ಬರದ ಪಾಲು ಅವರಿಗೇ ವಾಪಸ್. ನೋಡಿಕೊಳ್ಳಲು ಊರಿನದೇ ಒಂದು ಸಮಿತಿ, ನಡೆಸಲು ಊರಿನದೇ ಹುಡುಗರು, ದೀಪಕ್ಕೂ ನಲ್ಲಿಗೂ ತಿಂಗಳ ಹಣ. ಈ ಸಲ ನಡೆಯಿತು.

ಯಾಕೆ ನಡೆಯಿತು ಅನ್ನೋದಕ್ಕೆ ರೆಡ್ಡಿಯವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನೋ ಅಮೆರಿಕನ್, ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ಸೇರಿ ಹಾಳು ಮಾಡುತ್ತಾರೆ ಅಂತ ಒಂದು ಪ್ರಸಿದ್ಧ ಲೇಖನ ಬರೆದ. ಅರ್ಥಶಾಸ್ತ್ರದ ತರಗತಿಗಳಲ್ಲಿ ಅದು ವೇದವಾಕ್ಯ. ಪುರದಲ್ಲಿ ಆದದ್ದು ಉಲ್ಟಾ. ನೀನು ಸಗಣಿ ತರದಿದ್ದರೆ ಸಂಜೆ ನಿನ್ನ ಮನೆಗೂ ದೀಪವಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಸ್ವಾರ್ಥವೂ ಊರಿನ ಹಿತವೂ ಒಂದೇ ದಾರಿ ಹಿಡಿದವು. ಹಾರ್ಡಿನ್ ಹೇಳಿದ ದುರಂತಕ್ಕೆ ಎದುರಾಗಿ ರೆಡ್ಡಿ ಇದನ್ನು ವರ ಅಂತ ಕರೆದರು. ಯೋಚಿಸಿ, ವಿಶ್ವವಿದ್ಯಾಲಯದ ಒಂದು ಸಿದ್ಧಾಂತಕ್ಕೆ ಉತ್ತರ ಸಿಕ್ಕಿದ್ದು ಕುಣಿಗಲ್ ತಾಲ್ಲೂಕಿನ ಸಗಣಿ ಮಂಕರಿಯಲ್ಲಿ! ಘಟಕ ಹಲವು ವರ್ಷ ನಡೆದು ಕೊನೆಗೆ ನಿಂತುಹೋಯಿತು. ಅದನ್ನು ಮುಚ್ಚಿಡದೆ, ಪುರದಿಂದ ಕಲಿತ ಪಾಠಗಳ ಬಗ್ಗೆ ಸೋಲನ್ನೂ ಸೇರಿಸಿ 2004ರಲ್ಲಿ ಅವರು ದೀರ್ಘವಾಗಿ ಬರೆದರು.

ಇದೇ ಹೊತ್ತಿಗೆ ಅದೇ ಆವರಣದಲ್ಲಿ ಇನ್ನೊಬ್ಬರು ಬೇರೆ ದಾರಿಯಿಂದ ಇಲ್ಲಿಗೇ ಬಂದಿದ್ದರು. ಮಾಧವ ಗಾಡ್ಗೀಳ್. 1970ರ ದಶಕದಲ್ಲಿ ನಮ್ಮ ಮೇದರು ಬಿದಿರು ಸಿಗುತ್ತಿಲ್ಲ ಅಂತ ಗೋಳಾಡುತ್ತಿದ್ದರು. ಆಗ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿಯಾಗಿದ್ದ ಎಂ.ವೈ. ಘೋರ್ಪಡೆ, ಇದನ್ನು ಅಧ್ಯಯನ ಮಾಡಿ ಅಂತ ಗಾಡ್ಗೀಳರಿಗೆ ಹೇಳಿದರು. ಹೊರಬಿದ್ದದ್ದು ಏನು? ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಮೇದರು ಪೇಟೆಯಲ್ಲಿ ಕೊಡಬೇಕಿದ್ದದ್ದು ಅದರ ನೂರಾರು ಪಟ್ಟು. ಬಿದಿರು ಹಾಳಾಗಲು ಹಳ್ಳಿಯವರೂ ಅವರ ದನಗಳೂ ಕಾರಣ ಅಂತ ಅಧಿಕಾರಿಗಳು ಹೇಳುತ್ತಿದ್ದರು. ಹಳ್ಳಿಯವರು ಬೇರೆಯೇ ಹೇಳಿದರು. ಮೆಳೆಯ ಬುಡದ ಮುಳ್ಳನ್ನು ಕಾರ್ಖಾನೆಯವರು ಸವರಿ ಚೊಕ್ಕ ಮಾಡುತ್ತಾರೆ, ಆ ಮುಳ್ಳೇ ಎಳೇ ಕಳಲೆಗೆ ಬೇಲಿ, ಅದು ಹೋದರೆ ಕಳಲೆ ಬೆಳೆಯುವ ಮೊದಲೇ ಪ್ರಾಣಿಗಳ ಬಾಯಿಗೆ ಹೋಗುತ್ತೆ ಅಂತ. ಗಾಡ್ಗೀಳ್ ಅಳೆದು ನೋಡಿದರು. ಹಳ್ಳಿಯವರು ಹೇಳಿದ್ದೇ ಸರಿ.

ಈ ಎರಡೂ ಕಥೆಯಲ್ಲಿ ನನಗೆ ಕಾಣುವುದು ಒಂದೇ. ವಿಜ್ಞಾನ ತನ್ನ ಗಟ್ಟಿತನ ಬಿಟ್ಟುಕೊಡಲಿಲ್ಲ. ಅಳತೆ ಅಳತೆಯೇ, ಪುರಾವೆ ಪುರಾವೆಯೇ. ಬದಲಾದದ್ದು ಪ್ರಶ್ನೆ ಎಲ್ಲಿಂದ ಬರುತ್ತೆ ಅನ್ನೋದು ಮಾತ್ರ. ಅಷ್ಟು ಬದಲಾದರೆ ಉತ್ತರದ ಲಾಭ ಯಾರಿಗೆ ಹೋಗುತ್ತೆ ಅನ್ನೋದೂ ಬದಲಾಗುತ್ತದೆ.

ಹಾಗಾದರೆ ಇದು ಉಳಿದ ಕಾಲೇಜುಗಳಿಗೆ ಯಾಕೆ ಹರಡಲಿಲ್ಲ? ಪ್ರಯತ್ನ ಆಗಲಿಲ್ಲ ಅಂತಲ್ಲ. 1975ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಶುರುವಾಯಿತು, ಕಚೇರಿ ಇದೇ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ, ರೆಡ್ಡಿಯವರ ಪಾತ್ರ ಅದರಲ್ಲೂ ದೊಡ್ಡದು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೇ ವರ್ಷ ಮಾಡುವ ಪ್ರಾಜೆಕ್ಟು ನಾಡಿನ ನಿಜವಾದ ಸಮಸ್ಯೆಯ ಮೇಲಿರಲಿ ಅಂತ ಮಂಡಳಿ ಧನಸಹಾಯ ಕೊಡತೊಡಗಿತು. ಎಷ್ಟು ಒಳ್ಳೆಯ ಯೋಚನೆ ನೋಡಿ.

ಆದರೆ ನಾನು ಓದಿದ ಕಾಲೇಜಿನಲ್ಲಿ (ಹೆಸರು ಬೇಡ) ಕಂಡದ್ದು ಬೇರೆ. ನಮ್ಮ ತರಗತಿಯ ಅರ್ಧಕ್ಕರ್ಧ ಜನ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಂಡು ತಂದರು. ಸರ್ಕ್ಯೂಟು, ವರದಿ, ಬೈಂಡಿಂಗು, ಪರೀಕ್ಷಕರು ಕೇಳಬಹುದಾದ ಹತ್ತು ಪ್ರಶ್ನೆ, ಎಲ್ಲ ಸೇರಿ ಒಂದು ರೇಟು. ಗೈಡ್ ಮೇಷ್ಟ್ರಿಗೂ ಗೊತ್ತಿತ್ತು. ಕಾಲೇಜಿನ ಕಾಂಪೌಂಡಿಗೆ ತಾಗಿಕೊಂಡೇ ಒಂದು ಕೆರೆ ಇತ್ತು, ಹಾಸ್ಟೆಲ್ಲಿನ ಚರಂಡಿ ನೀರು ನೇರ ಅದಕ್ಕೇ ಹೋಗುತ್ತಿತ್ತು. ನಾಲ್ಕು ವರ್ಷದಲ್ಲಿ ಸಿವಿಲ್ ವಿಭಾಗದ ಒಬ್ಬರೂ ಅದನ್ನು ಪ್ರಾಜೆಕ್ಟು ಮಾಡಲಿಲ್ಲ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಕೆರೆ ಶುದ್ಧ ಮಾಡಿದ್ದಕ್ಕೆ ಕ್ಯಾಂಪಸ್ ಸಂದರ್ಶನದಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಮೇಷ್ಟ್ರುಗಳ ಕಥೆಯೂ ಅಷ್ಟೇ. ಬಡ್ತಿಗೆ ಬೇಕಾದದ್ದು ಹೊರದೇಶದ ಪತ್ರಿಕೆಯಲ್ಲಿ ಲೇಖನ. ಒಲೆ ಸುಧಾರಿಸಲು ಹತ್ತು ವರ್ಷ ಹಿಡಿಯಬಹುದು. ಕಬ್ಬಿಣದ ಜಾಲರಿ ಎಷ್ಟು ಎತ್ತರದಲ್ಲಿರಬೇಕು, ಗಾಳಿಕಂಡಿ ಎಷ್ಟಿರಬೇಕು, ಊರಿನ ಗಾರೆಯವನಿಗೆ ಅಳತೆ ತಪ್ಪದ ಹಾಗೆ ಕಲಿಸುವುದು ಹೇಗೆ, ಇದಕ್ಕೆಲ್ಲ ಬಡ್ತಿಯ ಪಟ್ಟಿಯಲ್ಲಿ ಅಂಕವಿಲ್ಲ. ಸರ್ಕಾರದ ಯೋಜನೆಯಲ್ಲಿ ಸುಧಾರಿತ ಒಲೆಗಳನ್ನು ದೇಶದ ತುಂಬ ಲಕ್ಷಗಟ್ಟಲೆ ಹಾಕಿದರು. ಗುರಿ ಮುಟ್ಟುವ ಅವಸರದಲ್ಲಿ ಅಳತೆ ತಪ್ಪಿದ ಎಷ್ಟೋ ಒಲೆಗಳು ಮೂಲೆ ಸೇರಿದವು, 2002ರಲ್ಲಿ ಯೋಜನೆಯೇ ನಿಂತಿತು. ಕಂಡುಹಿಡಿಯುವುದು ವಿಜ್ಞಾನ, ಜನರ ಮನೆಯಲ್ಲಿ ಅದು ಉಳಿಯುವಂತೆ ಮಾಡುವುದು ಯಾರದ್ದೋ ಚಾಕರಿ ಅಂತ ಭಾಗ ಮಾಡಿಟ್ಟರೆ ಹೀಗೇ ಆಗುತ್ತದೆ.

ಮೂರನೆಯ ಕಾರಣ ಇನ್ನೂ ದೊಡ್ಡದು. 1987ರಲ್ಲಿ ಕರ್ನಾಟಕ ಸರ್ಕಾರದ ಒಂದು ಸಮಿತಿ, 2000ನೇ ಇಸವಿಗೆ ರಾಜ್ಯಕ್ಕೆ ಎಷ್ಟು ವಿದ್ಯುತ್ ಬೇಕು ಅಂತ ಲೆಕ್ಕ ಹಾಕಿತು. ರೆಡ್ಡಿ ಮತ್ತು ಸಂಗಡಿಗರು ಅದೇ ಲೆಕ್ಕವನ್ನು ತಮ್ಮ ರೀತಿಯಲ್ಲಿ ಮತ್ತೆ ಮಾಡಿದರು. ಎಲ್ಲ ಮನೆಗೂ ದೀಪ ಕೊಟ್ಟು, ಪಂಪ್‌ಸೆಟ್ಟುಗಳನ್ನು ಸುಧಾರಿಸಿ, ಬುರುಡೆ ಬಲ್ಬಿನ ಬದಲು ಕಡಿಮೆ ಎಳೆಯುವ ದೀಪ ಹಾಕಿ, ಬಿಸಿನೀರನ್ನು ಬಿಸಿಲಿನಲ್ಲೇ ಕಾಯಿಸಿದರೆ, ಸರ್ಕಾರ ಹೇಳಿದ್ದರ ಅರ್ಧಕ್ಕಿಂತ ಕಡಿಮೆ ಸಾಕು ಅಂತ ತೋರಿಸಿದರು. 2005ರಲ್ಲಿ ಕೈಗಾ ಅಣುವಿದ್ಯುತ್ತಿನ ಖರ್ಚಿನ ಲೆಕ್ಕವನ್ನೂ ಇನ್ನಿಬ್ಬರ ಜೊತೆ ಸೇರಿ ತೆಗೆದು, ರಾಯಚೂರಿನ ಕಲ್ಲಿದ್ದಲಿನ ಕರೆಂಟಿಗಿಂತ ಅದು ದುಬಾರಿ ಅಂದರು. ಒಲೆ ಮಾಡುವ ಮೇಷ್ಟ್ರನ್ನು ಎಲ್ಲರೂ ಮೆಚ್ಚುತ್ತಾರೆ. ಗುತ್ತಿಗೆ, ಅಣೆಕಟ್ಟು, ಸ್ಥಾವರಗಳ ಲೆಕ್ಕ ಕೇಳುವ ಮೇಷ್ಟ್ರನ್ನು ಅಲ್ಲ. ಹೆಚ್ಚು ನ್ಯಾಯದ ಆರ್ಥಿಕತೆ ಅಂದರೆ ಯಾರಿಗೋ ಈಗ ಸಿಗುತ್ತಿರುವುದು ಕಡಿಮೆಯಾಗಬೇಕು ಅಂತಲೇ ಅಲ್ಲವೇ?

ರೆಡ್ಡಿ 1991ರಲ್ಲಿ ನಿವೃತ್ತರಾದರು, 2006ರ ಮೇ ತಿಂಗಳಲ್ಲಿ ತೀರಿಕೊಂಡರು. ಅಸ್ತ್ರ ಈಗಲೂ ಇದೆ, ಹೆಸರು ಬದಲಾಗಿದೆ. ಈಗ ಅದು ಸುಸ್ಥಿರ ತಂತ್ರಜ್ಞಾನ ಕೇಂದ್ರ. ಕೆಲಸ ಒಳ್ಳೆಯದೇ ನಡೆಯುತ್ತಿದೆ. ಹೆಸರಿನಿಂದ 'ಹಳ್ಳಿ' ಮಾತ್ರ ಹೋಯಿತು.

2014ರಲ್ಲಿ ಕೇಂದ್ರ ಸರ್ಕಾರ ಉನ್ನತ ಭಾರತ ಅಭಿಯಾನ ಅಂತ ಶುರು ಮಾಡಿತು. ಅದರಲ್ಲಿ ಸೇರುವ ಕಾಲೇಜುಗಳು ಐದಾದರೂ ಹಳ್ಳಿಗಳನ್ನು 'ದತ್ತು' ತೆಗೆದುಕೊಳ್ಳಬೇಕು. ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ, ಆ ಪದದ ಬಗ್ಗೆ ಇದೆ. ದತ್ತು ತೆಗೆದುಕೊಳ್ಳುವುದು ಮಗುವನ್ನು. ಪುರದ ಹೆಂಗಸರು ಸಗಣಿ ನಿಲ್ಲಿಸಿದಾಗ ಪಾಠ ಹೇಳಿದವರು ಯಾರು, ಕಲಿತವರು ಯಾರು?

ನಿಮ್ಮಲ್ಲಿ ಕುಣಿಗಲ್ ಕಡೆಯವರಿದ್ದರೆ ಒಂದು ಕೋರಿಕೆ. ಪುರದಲ್ಲಿ ಸಗಣಿ ತೂಕ ಹಾಕಿ ಎರಡು ಪೈಸೆಯ ಲೆಕ್ಕ ಬರೆಯುತ್ತಿದ್ದವರು, ಎಂಜಿನ್ ನಡೆಸುತ್ತಿದ್ದವರು ಈಗ ಐವತ್ತು ಅರವತ್ತು ದಾಟಿರುತ್ತಾರೆ. ವಿಜ್ಞಾನಿಗಳು ಬರೆದದ್ದು ಇಂಗ್ಲಿಷಿನಲ್ಲಿ ಸಾಕಷ್ಟಿದೆ. ಸಗಣಿ ಹೊತ್ತವರು ಏನು ಹೇಳುತ್ತಾರೆ ಅಂತ ಯಾರಾದರೂ ಕೇಳಿಕೊಂಡು ಬಂದು ಕನ್ನಡದಲ್ಲಿ ಬರೆದರೆ ಓದಲು ಕಾದಿದ್ದೇನೆ.